ಇಪ್ಪತ್ತೆಂಟು ಸಾಲು

ನನ್ನ ನಾದಿನಿಗೆ ನಾನಿಟ್ಟ ಹೆಸರು ಬಸವನಹುಳು. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಇಟ್ಟೆ, ಅವಳೆದುರಿಗೇ ಇಟ್ಟೆ, ಅವಳು ನಕ್ಕು ಸುಮ್ಮನಾದಳು. ಒಂದು ಜೊತೆ ಚಪ್ಪಲಿ ಆರಿಸಲು ಅವಳಿಗೆ ಎರಡು ಗಂಟೆ ಬೇಕು. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು, ಮತ್ತೆ ವಾಪಸ್ ಹೋಗಿ ಬೀಗ ಎಳೆದು ನೋಡಿ ಬರುತ್ತಾಳೆ. ನನ್ನದು ಇದಕ್ಕೆ ತದ್ವಿರುದ್ಧ. ಕೈಗೆತ್ತಿಕೊಂಡ ಕೆಲಸ ಕಣ್ಣೆದುರಿಗೇ ಮುಗಿಯಬೇಕು, ಇಲ್ಲದಿದ್ದರೆ ಮೈಯೆಲ್ಲ ಉರಿಯುತ್ತದೆ. "ನಿಮ್ಮಿಬ್ಬರನ್ನೂ ಒಟ್ಟಿಗೆ ಕಲಸಿ ಎರಡು ಪಾಲು ಮಾಡಿದ್ರೆ, ಇಬ್ಬರು ಸರಿಯಾದ ಹೆಂಗಸರು ಸಿಗ್ತಿದ್ರು" ಅಂತ ನನ್ನ ಗಂಡ ಹೇಳುವುದುಂಟು. ಹೇಳಿ ಬೇಗ ಆಚೆ ಹೋಗಿಬಿಡುತ್ತಾರೆ.

ಆದರೂ ಹೇಳುತ್ತೇನೆ, ನಾನು ಹತ್ತಿರದಿಂದ ಕಂಡವರಲ್ಲಿ ನಿಜವಾಗಿ ದೊಡ್ಡ ಕೆಲಸ ಮಾಡಿದವಳೆಂದರೆ ಅವಳೊಬ್ಬಳೇ. ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲು ನನಗೆ ಹದಿನಾಲ್ಕು ವರ್ಷ ಹಿಡಿಯಿತು. ಜೊತೆಗೆ ತಲೆ ತಗ್ಗಿಸಿ ನಿಲ್ಲುವಂಥ ಒಂದು ತಪ್ಪೂ ಬೇಕಾಯಿತು.

ಅವಳು ಬರೆದ ಸಾಫ್ಟ್‌ವೇರಿನ ಹೆಸರು 'ಹಾಸು'. ಡಿಎನ್‌ಎ ಅನ್ನುವುದು ನಾಲ್ಕೇ ನಾಲ್ಕು ಅಕ್ಷರದಲ್ಲಿ ಬರೆದ ಉದ್ದನೆಯ ಬರಹ. ಕಣ್ಣಿಗೆ ಕಾಣದ ಒಂದು ಬ್ಯಾಕ್ಟೀರಿಯಾದ್ದೇ ಲಕ್ಷಗಟ್ಟಲೆ ಅಕ್ಷರ ಇರುತ್ತದೆ. ಅಷ್ಟನ್ನೂ ಒಂದೇ ಉಸಿರಿಗೆ ಓದುವುದು ನಮ್ಮ ಪ್ರಯೋಗಾಲಯದ ಯಂತ್ರದ ಕೈಲಾಗುವುದಿಲ್ಲ. ಅದು ಚೂರುಚೂರಾಗಿ ಓದಿ, ತುಂಡುಗಳನ್ನು ರಾಶಿ ಹಾಕುತ್ತದೆ. ಯಾವ ತುಂಡಿನ ಬಾಲ ಯಾವುದರ ತಲೆಗೆ ಹೊಂದುತ್ತದೆ ಅಂತ ಹುಡುಕಿ ಕಂಪ್ಯೂಟರ್ ಜೋಡಿಸುತ್ತದೆ. ಜೋಡಿಸಿದ್ದು ಸರಿಯಾಗಿದೆಯೇ ಅಂತ ಕೂತು ನೋಡುವುದು, ತಪ್ಪಿದ್ದರೆ ತಿದ್ದುವುದು ಮನುಷ್ಯರ ಪಾಲು. ಆ ನೋಡುವ, ತಿದ್ದುವ ಜಾಗವೇ ಹಾಸು. ತುಂಡುಗಳೆಲ್ಲ ಒಂದರ ಕೆಳಗೊಂದು ಸಾಲಾಗಿ ಹಾಸಿಕೊಂಡು ಕಾಣುತ್ತವೆ. ಎಲ್ಲಕ್ಕಿಂತ ಮೇಲೆ ಒಂದು ಸಾಲು, ಹೆಚ್ಚಿನ ತುಂಡುಗಳು ಏನು ಹೇಳುತ್ತವೋ ಅದು. ಒಪ್ಪದ ಅಕ್ಷರ ಎಲ್ಲಿದ್ದರೂ ಕೆಂಪಗೆ ಎದ್ದು ನಿಲ್ಲುತ್ತದೆ.

ಅದನ್ನು ಅವಳು ಬರೆದದ್ದು ನಮ್ಮ ಊಟದ ಮೇಜಿನ ಮೇಲೆ. ಮೂರು ವರ್ಷ ಆ ಮೇಜಿನ ಅರ್ಧ ಭಾಗ ಅವಳ ಹಳೇ ಕಂಪ್ಯೂಟರಿಗೆ ಮೀಸಲಾಗಿತ್ತು, ಉಳಿದರ್ಧದಲ್ಲಿ ನಾವು ಮೂರು ಜನ ಮೊಣಕೈ ತಾಗಿಸಿಕೊಂಡು ಉಣ್ಣುತ್ತಿದ್ದೆವು. "ಕೆಂಪು ಬಣ್ಣ ಇನ್ನೂ ಸ್ವಲ್ಪ ಮಂಕಾಗಿರಬೇಕು ಅತ್ತಿಗೆ, ಇಡೀ ದಿನ ನೋಡೋರ ಕಣ್ಣು ನೋಯುತ್ತೆ" ಅಂತ ಒಂದು ಕೆಂಪಿಗಾಗಿ ಹನ್ನೊಂದು ದಿನ ಕಳೆದಳು. ನನಗೆ ಆಗ ತಲೆಕೆಟ್ಟು ಹೋಗಿತ್ತು. ಈಗ ಎಷ್ಟೋ ದೇಶಗಳ ಎಷ್ಟೋ ಕೋಣೆಗಳಲ್ಲಿ ಜನ ಬೆಳಗಿನಿಂದ ಸಂಜೆಯವರೆಗೆ ಆ ಕೆಂಪನ್ನು ನೋಡುತ್ತಾ ಕೂರುತ್ತಾರೆ, ಯಾರ ಕಣ್ಣೂ ನೋಯುವುದಿಲ್ಲ. ಯಾರ್ಯಾರೋ ಅವಳಿಗೆ ಕಾಗದ ಬರೆಯುತ್ತಾರೆ. ಅವಳು ಒಂದೊಂದಕ್ಕೂ ಉತ್ತರ ಬರೆಯಲು ಒಂದೊಂದು ವಾರ ತೆಗೆದುಕೊಳ್ಳುತ್ತಾಳೆ.

ನಾನು ಈ ಕೆಲಸಕ್ಕೆ ಬಂದದ್ದು ಅವಳ ದೆಸೆಯಿಂದಲೇ. ಮೊದಲು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಅದು ಮುಚ್ಚಿದಾಗ, "ನಿಮ್ಮ ಕಣ್ಣು ಚುರುಕಾಗಿದೆ ಅತ್ತಿಗೆ, ನಮ್ಮಲ್ಲಿ ಬನ್ನಿ" ಅಂತ ತನ್ನ ಪ್ರಯೋಗಾಲಯಕ್ಕೆ ಕರೆದೊಯ್ದು ಹಾಸಿನ ಮುಂದೆ ಕೂರಿಸಿದಳು. ಆರು ತಿಂಗಳಲ್ಲಿ ಕಲಿತೆ. ಒಂದು ವರ್ಷದಲ್ಲಿ ಅಲ್ಲಿನ ಎಲ್ಲರಿಗಿಂತ ಬೇಗ ತಿದ್ದುತ್ತಿದ್ದೆ. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ಹೆಮ್ಮೆಪಡುವಂಥದ್ದು ನನ್ನ ಪಾಲಿಗೆ ಹೆಚ್ಚಿಲ್ಲ.

ಹಾಸಿನಲ್ಲಿ ನನಗೆ ಆಗದ ಸಂಗತಿ ಒಂದಿತ್ತು. ಒಂದು ಅಕ್ಷರ ತಿದ್ದಿದರೂ ಸಾಕು, ಅದರ ಹಿಂದೆ ಹಳದಿ ಬಣ್ಣ ಹತ್ತಿಕೊಳ್ಳುತ್ತದೆ. ತಕ್ಷಣ ಒಂದು ಸಣ್ಣ ಪೆಟ್ಟಿಗೆ ತೆರೆದು, ಯಾಕೆ ತಿದ್ದಿದಿರಿ ಅಂತ ಕೇಳುತ್ತದೆ. ಕಾರಣ ಬರೆಯದೆ ಮುಂದೆ ಹೋಗಲು ಬಿಡುವುದಿಲ್ಲ. ಬರೆದ ಕಾರಣ, ತಿದ್ದಿದವರ ಹೆಸರು, ದಿನ, ಗಂಟೆ, ನಿಮಿಷ ಎಲ್ಲ ಒಳಗೆ ದಾಖಲಾಗುತ್ತದೆ. ಯಂತ್ರ ಮೊದಲು ಓದಿದ ಅಕ್ಷರವಂತೂ ಎಲ್ಲಿಗೂ ಹೋಗುವುದಿಲ್ಲ. ಒಂದು ಗುಂಡಿ ಒತ್ತಿ ಹಿಡಿದರೆ ನಮ್ಮ ತಿದ್ದುಪಡಿಗಳೆಲ್ಲ ಸರಿದು, ಮೂಲ ಹಾಗೇ ಕಾಣುತ್ತದೆ.

"ಇದೇನು ಚಾಡಿ ಹೇಳೋ ಸಾಫ್ಟ್‌ವೇರು" ಅಂತ ನಾನು ಎಷ್ಟೋ ಸಲ ಜಗಳ ಆಡಿದ್ದೆ. "ದಿನಕ್ಕೆ ಮುನ್ನೂರು ಸಲ ಕಾರಣ ಕೇಳಿದ್ರೆ ಮನುಷ್ಯರು ಏನು ಬರೀಬೇಕು?"

"ಕಾರಣಾನೇ ಬರೀರಿ ಅತ್ತಿಗೆ" ಅನ್ನುತ್ತಿದ್ದಳು.

ನಾನು 'ಕಸ' ಅಂತ ಬರೆಯುತ್ತಿದ್ದೆ. ಎರಡೇ ಅಕ್ಷರ, ಬೇಗ ಆಗುತ್ತದೆ.

ನಾನು ಮದುವೆಯಾಗಿ ಬಂದ ಹದಿನಾಲ್ಕನೇ ವರ್ಷ ಊರಿನ ದೊಡ್ಡ ಆಸ್ಪತ್ರೆಯಲ್ಲಿ, ಹುಟ್ಟಿದ ಕೂಸುಗಳನ್ನಿಡುವ ವಾರ್ಡಿನಲ್ಲಿ, ಒಂದೇ ತಿಂಗಳಲ್ಲಿ ಆರು ಕೂಸುಗಳಿಗೆ ಒಂದೇ ಸೋಂಕು ತಗುಲಿತು. ಐದು ಚೇತರಿಸಿಕೊಂಡವು. ಒಂದು ಕೂಸು ಉಸಿರಾಟದ ಯಂತ್ರದ ಮೇಲಿತ್ತು. ಸೋಂಕು ಎಲ್ಲಿಂದ ಬಂತು ಅಂತ ಹುಡುಕಲು ವಾರ್ಡಿನ ಮೂಲೆಮೂಲೆಯಿಂದ, ಕೆಲಸ ಮಾಡುವವರೆಲ್ಲರ ಕೈಯಿಂದ ಹತ್ತಿಕಡ್ಡಿಯಲ್ಲಿ ಒರೆಸಿ ಮಾದರಿ ತೆಗೆಯಲು ಶುರುಮಾಡಿದರು. ಮೊದಲ ದಿನವೇ ಒಬ್ಬರ ಕೈಯಲ್ಲಿ ಅದೇ ಜಾತಿಯ ಬ್ಯಾಕ್ಟೀರಿಯಾ ಸಿಕ್ಕಿತು. ಆ ವಾರ್ಡಿನ ಹಿರಿಯ ನರ್ಸು, ಎಲ್ಲರೂ ದೊಡ್ಡ ಸಿಸ್ಟರ್ ಅನ್ನುವ ಹೆಂಗಸು. ಇಪ್ಪತ್ತಾರು ವರ್ಷದಿಂದ ಅಲ್ಲೇ ಇದ್ದವರು.

ಜಾತಿ ಒಂದೇ ಆದರೆ ಸಾಲದು, ತಳಿಯೂ ಒಂದೇ ಆಗಬೇಕು. ಅದನ್ನು ಹೇಳುವುದು ನಮ್ಮ ಕೆಲಸ. ಆರು ಕೂಸುಗಳ ಮಾದರಿ, ಸಿಸ್ಟರ್ ಕೈಯ ಮಾದರಿ, ಏಳೂ ನಮ್ಮಲ್ಲಿಗೆ ಬಂದವು. ಆಸ್ಪತ್ರೆಯ ಮುಖ್ಯಸ್ಥರು, ದೊಡ್ಡ ಡಾಕ್ಟರು, ದಿನಕ್ಕೆ ಮೂರು ಸಲ ಫೋನ್ ಮಾಡಿ "ಆಯ್ತಾ?" ಅನ್ನುತ್ತಿದ್ದರು. ನಾದಿನಿ ಬೇರೊಂದು ಕೆಲಸದಲ್ಲಿದ್ದಳು. ಏಳನ್ನೂ ತಿದ್ದಿದ್ದು ನಾನು.

ಕೂಸುಗಳವು ಚೊಕ್ಕವಾಗಿ ಬಂದಿದ್ದವು, ಆರೂ ಅಕ್ಷರಕ್ಕಕ್ಷರ ಒಂದೇ. ಸಿಸ್ಟರ್ ಮಾದರಿ ಓದಿದ ದಿನ ಯಂತ್ರದ ಆರೋಗ್ಯ ಸರಿ ಇರಲಿಲ್ಲ, ಅಲ್ಲಲ್ಲಿ ಕೆಂಪು ಕೆಂಪು ಚೆಲ್ಲಿತ್ತು. ಅದು ನಮಗೆ ಹೊಸದಲ್ಲ. ಬೆಳಿಗ್ಗೆಯಿಂದ ಕೂತು ಗುಡಿಸಿದೆ. ಒಂದು ಕಡೆ ನಲವತ್ತೆರಡು ಸಾಲು ಒಂದು ಅಕ್ಷರ ಹೇಳಿದರೆ, ಇಪ್ಪತ್ತೆಂಟು ಸಾಲು ಬೇರೆ ಅಕ್ಷರ ಹೇಳುತ್ತಿದ್ದವು. ಸ್ವಲ್ಪ ಮುಂದೆ ಮತ್ತೆ ಅದೇ ಇಪ್ಪತ್ತೆಂಟು, ಹೀಗೆ ಆ ಒಂದು ಜಾಗದೊಳಗೇ ಏಳು ಅಕ್ಷರ. ಎಲ್ಲವನ್ನೂ ಒಟ್ಟಿಗೆ ಆರಿಸಿ, ಬಹುಮತಕ್ಕೆ ಹೊಂದಿಸು ಅನ್ನುವ ಗುಂಡಿ ಒತ್ತಿದೆ. ಪೆಟ್ಟಿಗೆ ತೆರೆಯಿತು. ಕಸ ಅಂತ ಬರೆದೆ. ಅಂಥ ಜಾಗ ಇನ್ನೂ ಮೂರಿದ್ದವು, ಅವಕ್ಕೂ ಅದೇ ಮಾಡಿದೆ. ಸಂಜೆಯ ಹೊತ್ತಿಗೆ ಪರದೆ ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. ಏಳೂ ಒಂದೇ ತಳಿ ಅಂತ ವರದಿ ಬರೆದು ಸಹಿ ಹಾಕಿ ಕಳಿಸಿದೆ.

ಸಿಸ್ಟರನ್ನು ಮರುದಿನವೇ ಮನೆಗೆ ಕಳಿಸಿದರು. ವಿಚಾರಣೆ ಮುಗಿಯುವವರೆಗೆ ಆಸ್ಪತ್ರೆಗೆ ಕಾಲಿಡುವಂತಿಲ್ಲ, ತಪ್ಪು ಸಾಬೀತಾದರೆ ಕೆಲಸ ಹೋಗುತ್ತದೆ. ಅದು ನನಗೂ ಗೊತ್ತಾಯಿತು. ಪಾಪ ಅನ್ನಿಸಿತು. ಆದರೆ ನಾನೇನು ಮಾಡಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ ಅಂದುಕೊಂಡೆ.

ಒಂಬತ್ತನೇ ದಿನ ಅವರು ನಮ್ಮ ಪ್ರಯೋಗಾಲಯಕ್ಕೇ ಬಂದರು. ಎತ್ತರದ ಹೆಂಗಸು, ನರೆತ ಕೂದಲನ್ನು ಬಿಗಿಯಾಗಿ ಕಟ್ಟಿದ್ದರು, ಕೈಯಲ್ಲಿ ಬಟ್ಟೆಯ ಚೀಲ. ಜಗಳಕ್ಕೆ ಬಂದಿದ್ದಾರೆ ಅಂತ ನಾನು ಸೊಂಟ ಕಟ್ಟಿ ನಿಂತೆ. ಅವರು ಜಗಳ ಆಡಲಿಲ್ಲ.

"ನನ್ನಿಂದ ಬಂದದ್ದು ಅಂತಾರಲ್ಲ, ಅದನ್ನ ಒಂದ್ಸಲ ನೋಡಬಹುದಾ?" ಅಂದರು. "ಇಪ್ಪತ್ತಾರು ವರ್ಷ ಕೂಸುಗಳನ್ನ ಎತ್ತಿದ್ದೀನಿ. ನಾನೇ ಕೊಟ್ಟಿದ್ದು ಅಂದ್ರೆ ಅದು ಹೇಗಿದೆ ಅಂತಾದ್ರೂ ನನಗೆ ಗೊತ್ತಿರಬೇಕಲ್ವಾ."

ನಾನು ಆಗಲ್ಲ ಅನ್ನುವಷ್ಟರಲ್ಲಿ ನಾದಿನಿ ಪಕ್ಕದ ಕುರ್ಚಿ ಎಳೆದು, "ಬನ್ನಿ ಸಿಸ್ಟರ್, ಕೂತ್ಕೊಳ್ಳಿ" ಅಂದಳು.

ಅವಳ ನಿಧಾನ ನನಗೆ ಗೊತ್ತೇ ಇದೆ. ಆದರೆ ಅವತ್ತು ಅದನ್ನು ಬೇರೆ ಕಣ್ಣಿನಿಂದ ನೋಡಿದೆ. ಆ ಹೆಂಗಸಿಗೆ ಅವಳು ಮೊದಲಿನಿಂದ ಹೇಳಿಕೊಟ್ಟಳು, ಒಂದು ಮಾತನ್ನೂ ಹಾರಿಸದೆ, ಎಲ್ಲೂ ಅವಸರ ಮಾಡದೆ. ಇದು ಒಂದು ತುಂಡು, ಇದು ಅದರ ಪಕ್ಕದ್ದು, ಇವೆರಡೂ ಇಲ್ಲಿ ಹೀಗೆ ಸೇರುತ್ತವೆ. ಸಿಸ್ಟರ್ ಮಧ್ಯೆ ಮಧ್ಯೆ ಪ್ರಶ್ನೆ ಕೇಳುತ್ತಿದ್ದರು. ಹತ್ತು ನಿಮಿಷದಲ್ಲಿ ಅವರೇ ಬೆರಳಿಟ್ಟು "ಇದು ಒಪ್ಪಲ್ಲ ಅಲ್ವಾ" ಅನ್ನತೊಡಗಿದರು. ತನ್ನ ಮೇಲೆ ಅಪವಾದ ಹೊರಿಸಿದ ಕಾಗದವನ್ನೇ ಆ ಹೆಂಗಸು ಅಷ್ಟು ಆಸ್ಥೆಯಿಂದ ಓದಲು ಕಲಿಯುತ್ತಿದ್ದರು.

ಪರದೆಯ ನೆತ್ತಿಯಲ್ಲಿ ಒಂದು ಪಟ್ಟಿ ಇರುತ್ತದೆ. ಎಲ್ಲೆಲ್ಲಿ ಎಷ್ಟೆಷ್ಟು ಸಾಲು ಬಿದ್ದಿವೆ ಅನ್ನುವುದನ್ನು ಗೆರೆಯಲ್ಲಿ ತೋರಿಸುವ ಪಟ್ಟಿ. ಜಾಗ ತಿನ್ನುತ್ತದೆ ಅಂತ ನನ್ನ ಕಂಪ್ಯೂಟರಿನಲ್ಲಿ ಅದನ್ನು ಮುಚ್ಚಿಟ್ಟಿದ್ದೆ. ನಾದಿನಿಯ ಕಂಪ್ಯೂಟರಿನಲ್ಲಿ ತೆರೆದೇ ಇತ್ತು. ಅವಳು ನಿಧಾನಕ್ಕೆ ಸರಿಸುತ್ತಾ ಹೋಗುತ್ತಿದ್ದಾಗ ಸಿಸ್ಟರ್ ಕೈಯೆತ್ತಿ ತಡೆದರು.

"ಇಲ್ಲಿ ಜ್ವರ ಬಂದಿದೆಯಲ್ಲ" ಅಂದರು.

"ಏನು?"

"ಅಲ್ಲಾ, ಈ ಗೆರೆ. ನಮ್ಮ ಟೆಂಪರೇಚರ್ ಚಾರ್ಟ್ ಇದ್ದ ಹಾಗೇ ಇದೆ. ಅಷ್ಟೊತ್ತೂ ಸಮನಾಗಿತ್ತು, ಇಲ್ಲಿ ಏರಿದೆ, ಆಮೇಲೆ ಇಳಿದಿದೆ. ಇಲ್ಲಿ ಮಾತ್ರ ಏನಾಗಿದೆ?"

ನಾದಿನಿ ಪರದೆಗೆ ಮುಖ ತಂದಳು. ಬೇರೆ ಕಡೆಯೆಲ್ಲ ನಲವತ್ತರ ಆಸುಪಾಸು ಸಾಲು, ಅಲ್ಲಿ ಎಪ್ಪತ್ತು. ಅವಳ ಹೆಬ್ಬೆರಳು ಮೂಲ ತೋರಿಸುವ ಗುಂಡಿಯ ಮೇಲೆ ಹೋಗಿ ಕೂತಿತು. ಒತ್ತಿ ಹಿಡಿದಳು.

ನನ್ನ ತಿದ್ದುಪಡಿಗಳು ಸರಿದವು. ಇಪ್ಪತ್ತೆಂಟು ಸಾಲುಗಳು ಏಳು ಅಕ್ಷರದಲ್ಲೂ ಒಟ್ಟಿಗೆ ಕೆಂಪಾದವು.

ಅವಳ ಹಿಂದೆ ನಿಂತಿದ್ದ ನನಗೆ ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ಯಂತ್ರ ತಪ್ಪು ಓದಬಹುದು. ಆದರೆ ಅದರ ತಪ್ಪು ಚೆಲ್ಲಾಪಿಲ್ಲಿಯಾಗಿ ಬೀಳುತ್ತದೆ, ಇಲ್ಲೊಂದು, ಅಲ್ಲೊಂದು. ಇಪ್ಪತ್ತೆಂಟು ಸಾಲುಗಳು ಮಾತಾಡಿಕೊಂಡವರ ಹಾಗೆ ಏಳು ಅಕ್ಷರದಲ್ಲೂ ಒಂದೇ ಮಾತು ಹೇಳಿದರೆ ಅದು ತಪ್ಪಲ್ಲ, ಸಾಕ್ಷಿ. ಸಿಸ್ಟರ್ ಕೈಯ ಬ್ಯಾಕ್ಟೀರಿಯಾದಲ್ಲಿ ಆ ಬರಹದ ತುಣುಕು ಎರಡು ಸಲ ಇತ್ತು, ಎರಡನೆಯದು ತುಸು ಬೇರೆ. ಕಂಪ್ಯೂಟರು ಎರಡನ್ನೂ ಒಂದೇ ಜಾಗದಲ್ಲಿ ಪೇರಿಸಿಬಿಟ್ಟಿತ್ತು. ಕೂಸುಗಳಲ್ಲಿ ಸಿಕ್ಕಿದ್ದಕ್ಕೆ ಆ ಎರಡನೇ ತುಣುಕೇ ಇರಲಿಲ್ಲ. ಅಂಥ ನಾಲ್ಕು ಜಾಗ, ನಾಲ್ಕನ್ನೂ ಗುಡಿಸಿದವಳು ನಾನು. ಕರಡು ತಿದ್ದುವ ಚಾಳಿ. ಒಂದು ಪುಟದಲ್ಲಿ ಹೊಂದದ ಅಕ್ಷರ ಕಂಡರೆ ಕೈ ತಾನಾಗಿ ಓಡುತ್ತದೆ. ಆದರೆ ಮುದ್ರಣಾಲಯದಲ್ಲಿ ಪಕ್ಕಕ್ಕೆ ಮೂಲಪ್ರತಿ ಇರುತ್ತಿತ್ತು, ಅದನ್ನು ನೋಡಿ ತಿದ್ದುತ್ತಿದ್ದೆ. ಇಲ್ಲಿ ನಾನು ತಿದ್ದಿದ್ದು ಮೂಲಪ್ರತಿಯನ್ನೇ.

ನಾದಿನಿ ಗುಂಡಿಯಿಂದ ಕೈ ತೆಗೆದಳು. ನನ್ನ ಕಡೆ ತಿರುಗಲಿಲ್ಲ.

"ಸಿಸ್ಟರ್, ಒಳ್ಳೇ ಪ್ರಶ್ನೆ ಕೇಳಿದ್ರಿ" ಅಂದಳು. "ಇದನ್ನ ನಾನು ಇನ್ನೊಂದ್ಸಲ ಪರೀಕ್ಷೆ ಮಾಡಬೇಕು. ಖಚಿತ ಆಗೋವರೆಗೂ ಏನೂ ಹೇಳಲ್ಲ. ಕಾಯ್ತೀರಾ?"

"ಕಾಯೋದು ಬಿಟ್ಟು ನನಗೀಗ ಬೇರೇನು ಕೆಲಸ" ಅಂತ ಸಿಸ್ಟರ್ ಎದ್ದರು. ಬಾಗಿಲ ಹತ್ತಿರ ನಿಂತು ನನಗೂ ಸೇರಿಸಿ ಥ್ಯಾಂಕ್ಸ್ ಅಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಅವಳು ತರಕಾರಿ ಹೆಚ್ಚುತ್ತಿದ್ದಳು, ಒಂದೊಂದು ಹೋಳೂ ಅಳೆದ ಹಾಗೆ. ಅವಳು ಬಯ್ಯಲಿ ಅಂತ ಕಾದೆ. ಬಯ್ಯಲಿಲ್ಲ. ಕೊನೆಗೆ ನಾನೇ ಬಾಯಿಬಿಟ್ಟೆ.

"ತಿದ್ದಿದ್ದನ್ನ ವಾಪಸ್ ಮಾಡಿ ಹೊಸ ವರದಿ ಕಳಿಸೋಣ. ಆ ದಾಖಲೆಯಲ್ಲಿ ನನ್ನ ಹೆಸರಿದೆಯಲ್ಲ, ಅದನ್ನ ತೆಗೆಯೋಕಾಗುತ್ತಾ?"

ಅವಳು ಚಾಕು ಕೆಳಗಿಟ್ಟಳು. "ಆಗಲ್ಲ ಅತ್ತಿಗೆ."

"ಬರೆದವಳೇ ನೀನು. ನಿನಗೂ ಆಗಲ್ವಾ?"

"ನನಗೂ ಆಗಬಾರದು ಅಂತಲೇ ಹಾಗೆ ಬರೆದೆ. ಒಂದಲ್ಲ ಒಂದು ದಿನ ನನ್ನವರೇ ಯಾರಾದ್ರೂ ಕೇಳ್ತಾರೆ, ಆಗ ನನ್ನ ಮನಸ್ಸು ಕರಗುತ್ತೆ, ನನಗೆ ಗೊತ್ತಿತ್ತು." ಮತ್ತೆ ಚಾಕು ಕೈಗೆತ್ತಿಕೊಂಡು ಹೇಳಿದಳು, "ನೀವೇ ಕೇಳ್ತೀರಿ ಅಂತ ಗೊತ್ತಿರಲಿಲ್ಲ."

ನಾನು ಅತ್ತುಬಿಟ್ಟೆ. ಮರ್ಯಾದೆ ಹೋಗುತ್ತದಲ್ಲ ಅನ್ನುವುದಕ್ಕೆ ಅತ್ತದ್ದು, ಸುಳ್ಳು ಯಾಕೆ ಹೇಳಲಿ. ಅವಳು ತರಕಾರಿ ಬಿಟ್ಟು ಬಂದು ನನ್ನ ಪಕ್ಕ ಕೂತಳು. ಅವತ್ತಿನ ಊಟ ಒಂದು ಗಂಟೆ ತಡವಾಯಿತು, ನನ್ನ ಗಂಡ ನಮ್ಮಿಬ್ಬರ ಮುಖ ನೋಡಿ ತಾವೇ ತಟ್ಟೆ ಇಟ್ಟರು.

ಮುಂದಿನ ಒಂದು ವಾರ ಅವಳ ಬಸವನಹುಳುತನವನ್ನು ನಾನು ಹತ್ತಿರ ಕೂತು ನೋಡಿದೆ. ಎಪ್ಪತ್ತು ಸಾಲಿನ ಆ ರಾಶಿಯನ್ನು ಒಂದೊಂದೇ ತುಂಡು ಎತ್ತಿ ಬಿಡಿಸಿದಳು. ಸೇರಿಕೊಂಡಿದ್ದ ಎರಡು ಪ್ರತಿಗಳನ್ನು ಬೇರೆ ಮಾಡಿ, ಎರಡನೆಯದರ ಆಚೀಚೆ ಅಂಚು ಎಲ್ಲಿಗೆ ಹೊಂದುತ್ತದೆ ಅಂತ ಹುಡುಕಿದಳು. ಹಾಸು ಅವಳ ಕೈಯಲ್ಲಿ ಮಾತು ಕೇಳುತ್ತಿತ್ತು. ಒಂದು ತುಂಡನ್ನು ಎಳೆದು ಪಕ್ಕಕ್ಕಿಟ್ಟರೆ, ಅದರ ಜೊತೆಗಾರ ತುಂಡು ಎಲ್ಲಿದೆ ಅಂತ ತಾನೇ ಗೆರೆ ಎಳೆದು ತೋರಿಸುತ್ತಿತ್ತು. ಈ ಸೌಲಭ್ಯಗಳೆಲ್ಲ ನನಗೂ ಇದ್ದವು. ಅವು ಏನು ಹೇಳುತ್ತವೆ ಅಂತ ನಿಂತು ಕೇಳುವ ವ್ಯವಧಾನ ನನಗಿರಲಿಲ್ಲ, ಅಷ್ಟೇ. ಪ್ರತಿ ಹೆಜ್ಜೆಗೂ ಪೆಟ್ಟಿಗೆ ತೆರೆಯುತ್ತಿತ್ತು, ಪ್ರತಿ ಸಲವೂ ಅವಳು ಒಂದು ಪೂರ್ತಿ ವಾಕ್ಯ ಬರೆಯುತ್ತಿದ್ದಳು. ಆಮೇಲೆ ಇದೂ ಸಾಲದು ಅಂತ, ಥಂಡಿ ಪೆಟ್ಟಿಗೆಯಲ್ಲಿಟ್ಟಿದ್ದ ಸಿಸ್ಟರ್ ಮಾದರಿಯನ್ನು ಹೊಸದಾಗಿ ಬೆಳೆಸಿ ಬೇರೆ ರೀತಿಯಲ್ಲೂ ಪರೀಕ್ಷೆ ಮಾಡಿದಳು. ಎರಡನೇ ಪ್ರತಿ ಇತ್ತು. ನಾಲ್ಕು ಕಡೆಯೂ ಇತ್ತು. ಕೂಸುಗಳ ಬ್ಯಾಕ್ಟೀರಿಯಾಕ್ಕೂ ಸಿಸ್ಟರ್ ಕೈಯದ್ದಕ್ಕೂ ದೂರದ ನೆಂಟಸ್ತಿಕೆ ಇದ್ದದ್ದು ನಿಜ. ಒಂದೇ ಮನೆಯವಂತೂ ಅಲ್ಲ.

ವಿಚಾರಣೆ ನಡೆದದ್ದು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಉದ್ದನೆಯ ಮೇಜಿನ ಕೋಣೆಯಲ್ಲಿ. ದೊಡ್ಡ ಡಾಕ್ಟರು, ಅವರ ಅಕ್ಕಪಕ್ಕ ಇನ್ನಿಬ್ಬರು, ಎದುರಿಗೆ ಒಂಟಿ ಕುರ್ಚಿಯಲ್ಲಿ ಸಿಸ್ಟರ್. ನಾದಿನಿ ಗೋಡೆಯ ಮೇಲೆ ಹಾಸನ್ನು ತೆರೆದು ತೋರಿಸಿದಳು. ದೊಡ್ಡ ಡಾಕ್ಟರು ಕೊನೆಯವರೆಗೂ ಕೇಳಿ ಕನ್ನಡಕ ತೆಗೆದರು.

"ಇಲ್ಲಮ್ಮಾ, ನನಗೆ ಅರ್ಥ ಆಗಿಲ್ಲ. ಮೊದಲು ಒಂದೇ ಅಂದ್ರಿ. ಆಮೇಲೆ ಇವರು ನಿಮ್ಮಲ್ಲಿಗೆ ಬಂದು ಹೋದ್ರು, ಅದೂ ನನ್ನ ಕಿವಿಗೆ ಬಿದ್ದಿದೆ. ಈಗ ಬೇರೆ ಬೇರೆ ಅಂತೀರಿ. ಕನಿಕರಕ್ಕೆ ತಿದ್ದಿಲ್ಲ ಅಂತ ನಾನು ಹೇಗೆ ನಂಬಲಿ?"

ಕೇಳಿದ್ದು ನ್ಯಾಯವಾಗಿತ್ತು. ನಾದಿನಿ ಉತ್ತರಕ್ಕೆ ಬಾಯಿ ತೆರೆದಳು, ತೆರೆದು ನನ್ನ ಕಡೆ ನೋಡಿದಳು. ದಾಖಲೆ ತೆರೆಯುವುದು ಅವಳ ಒಂದು ಬೆರಳಿನ ಕೆಲಸ. ಅವಳು ಅದನ್ನು ನನಗೆ ಬಿಟ್ಟಿದ್ದಳು. ಎದ್ದುಹೋಗಿ ನಾನೇ ತೆರೆದೆ.

ಗೋಡೆಯ ತುಂಬ ನನ್ನ ಹೆಸರು. ದಿನ, ಗಂಟೆ, ನಿಮಿಷ. ಯಂತ್ರ ಓದಿದ ಅಕ್ಷರ ಯಾವುದು, ನಾನು ಮಾಡಿದ್ದು ಯಾವುದು. ಅದರ ಮುಂದೆ ಕಾರಣ: ಕಸ, ಕಸ, ಕಸ. ಮೇಲಿನಿಂದ ಕೆಳಗಿನವರೆಗೆ ಅದೊಂದೇ.

"ಮೊದಲು ತಿದ್ದಿದ್ದೇ ತಪ್ಪು ಸರ್, ತಿದ್ದಿದವಳು ನಾನು" ಅಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. "ಇವರು ಬಂದು ಹೋಗಿದ್ದು ಇಪ್ಪತ್ತನೇ ತಾರೀಕು. ಇದು ಹನ್ನೊಂದನೇ ತಾರೀಕಿನದು. ಮೂಲದಲ್ಲಿ ಏನಿತ್ತು ಅನ್ನೋದು ಅದರ ಪಕ್ಕದಲ್ಲೇ ಇದೆ. ಅದನ್ನ ಬದಲಾಯಿಸೋಕೆ ನಮ್ಮಿಬ್ಬರಿಂದಲೂ ಆಗಲ್ಲ. ಇವಳು ಕನಿಕರಕ್ಕೆ ತಿದ್ದಿಲ್ಲ. ನಾನು ಅವಸರಕ್ಕೆ ತಿದ್ದಿದೆ."

ದೊಡ್ಡ ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡು ತುಂಬ ಹೊತ್ತು ಓದಿದರು. ಅಷ್ಟೂ ಹೊತ್ತು ನಾನು ಆ ಹೆಸರಿನ ಪಕ್ಕದಲ್ಲೇ ನಿಂತಿದ್ದೆ. ನಾನು ಚಾಡಿಕೋರ ಅಂದ ಆ ದಾಖಲೆಯಿಲ್ಲದಿದ್ದರೆ ನನ್ನ ನಾದಿನಿಯ ಒಂದು ವಾರದ ಕೆಲಸವನ್ನು ಆ ಕೋಣೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಎಷ್ಟೋ ವರ್ಷದ ಹಿಂದೆ ಊಟದ ಮೇಜಿನ ಮೇಲೆ ಕೂತು, ತನ್ನನ್ನೂ ನಂಬದೆ ಅವಳು ಅದನ್ನು ಬರೆದಿದ್ದಳು. ಆ ಹೊತ್ತಿನಲ್ಲಿ ನನಗೆ ಅವಳ ಮೇಲೆ ಉಕ್ಕಿದ್ದು ಪ್ರೀತಿಯೋ ಗೌರವವೋ ಬಿಡಿಸಿ ಹೇಳಲಾರೆ, ಎರಡೂ ಇತ್ತು.

ಕೊನೆಗೆ ಅವರು ಅಕ್ಕಪಕ್ಕದವರ ಕಡೆ ನೋಡಿ ತಲೆಯಾಡಿಸಿದರು. "ಸರಿ. ಸಿಸ್ಟರ್, ನಿಮ್ಮಿಂದ ಬಂದದ್ದಲ್ಲ ಅಂತಾಯ್ತು. ನಮ್ಮಿಂದ ತಪ್ಪಾಗಿದೆ. ನಾಳೆಯಿಂದ ಕೆಲಸಕ್ಕೆ ಬನ್ನಿ."

ಸಿಸ್ಟರ್ ಕಣ್ಣಲ್ಲಿ ನೀರು ಬರುತ್ತದೆ ಅಂದುಕೊಂಡಿದ್ದೆ. ನನ್ನನ್ನು ಬಯ್ಯುತ್ತಾರೆ ಅಂತಲೂ ಅಂದುಕೊಂಡಿದ್ದೆ, ಬಯ್ಯಲಿ ಅಂತ ಆಸೆಯೂ ಇತ್ತು. ಅವರು ಗೋಡೆಯನ್ನೇ ನೋಡುತ್ತಿದ್ದರು.

"ನನ್ನದಲ್ಲ ಅಂದ್ರೆ ಇನ್ಯಾರದ್ದು ಸರ್?" ಅಂದರು.

"ಅದನ್ನ ನೋಡೋಣ."

"ನನ್ನ ಕೈಯದ್ದೇ ಅಂತ ವರದಿ ಬಂದ ದಿನಾನೇ ಹುಡುಕೋದು ನಿಲ್ಲಿಸಿದ್ರಿ. ಹದಿನೇಳು ದಿನ ಆಯ್ತು." ಅವರ ದನಿ ಏರಲಿಲ್ಲ. "ಹಾಗಾದ್ರೆ ಅದು ಇನ್ನೂ ವಾರ್ಡಲ್ಲೇ ಇದೆ. ಈ ಹದಿನೇಳು ದಿನದಲ್ಲಿ ಎಷ್ಟು ಕೂಸು ಬಂದಿವೆ ಅಲ್ಲಿಗೆ?"

ಡಾಕ್ಟರ ಪಕ್ಕ ಕೂತಿದ್ದವರೊಬ್ಬರು ಕಾಗದ ತಿರುವಿ ಹಾಕಿ, ಇಪ್ಪತ್ತಮೂರು ಅಂದರು.

ಒಂದು ವಾರ ನಾನು ನನ್ನ ಮರ್ಯಾದೆಯ ಬಗ್ಗೆ ಯೋಚಿಸಿದ್ದೆ. ಬಹಳವಾಯಿತೆಂದರೆ ಈ ಹೆಂಗಸಿನ ಕೆಲಸದ ಬಗ್ಗೆ. ನಾನು ಸಹಿ ಹಾಕಿದ ಆ ವರದಿ ಒಂದು ಹುಡುಕಾಟವನ್ನೇ ನಿಲ್ಲಿಸಿತ್ತು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಪಕ್ಕಕ್ಕೆ ನೋಡಿದರೆ ನಾದಿನಿಯ ಮುಖವೂ ಬಿಳಿಚಿಕೊಂಡಿತ್ತು. ಖಚಿತವಾಗುವವರೆಗೂ ಹೇಳಲ್ಲ ಅಂತ ಅವಳು ಕಾದ ಒಂದು ವಾರವೂ ಆ ಲೆಕ್ಕದಲ್ಲಿತ್ತು.

ಸಿಸ್ಟರ್ ಆಗಲೇ ಎದ್ದಿದ್ದರು. "ನಾಳೆ ಅಲ್ಲ ಸರ್, ಈಗಲೇ ಹೋಗ್ತೀನಿ" ಅಂದು, ನನ್ನ ಕಡೆ ತಿರುಗಿ, "ಮೇಡಂ, ಒರೆಸಿ ತೆಗೀತಾರಲ್ಲ, ಆ ಕಡ್ಡಿಗಳು ನಿಮ್ಮ ಹತ್ರ ಇದಾವಾ?" ಅಂತ ಕೇಳಿದರು.

ಮಾದರಿ ತೆಗೆಯುವವರ ಕೋಣೆಯಿಂದ ಒಂದು ಡಬ್ಬಿ ಎತ್ತಿಕೊಂಡು ಅವರ ಹಿಂದೆ ಮೆಟ್ಟಿಲಿಳಿದೆ. ಲಿಫ್ಟಿಗೆ ಕಾಯುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ವಾರ್ಡಿನ ಹೊರಬಾಗಿಲಲ್ಲಿ ಕೂತಿದ್ದ ಆಯಾ ಅವರನ್ನು ಕಂಡು ಗಡಬಡಿಸಿ ಎದ್ದು ಬಾಗಿಲು ತೆಗೆದಳು. ಒಳಗೆ ಹೋಗುವ ಮೊದಲು ಒಂದು ಸಣ್ಣ ಕೋಣೆ. ಬಿಳಿ ಅಂಗಿಗಳು ನೇತಾಡುತ್ತಿದ್ದವು, ಗೋಡೆಗೆ ಕೈ ತೊಳೆಯುವ ತೊಟ್ಟಿ, ಅದರ ಮೇಲೆ ಹೇಗೆ ತೊಳೆಯಬೇಕು ಅಂತ ಚಿತ್ರ. ಚಿತ್ರದ ಕೆಳಗೆ ದುಂಡಗಿನ ಅಕ್ಷರದಲ್ಲಿ ಸಿಸ್ಟರೇ ಬರೆದು ಅಂಟಿಸಿದ ಸೂಚನೆ. ನಾನು ಡಬ್ಬಿ ಕೆಳಗಿಟ್ಟು ನಲ್ಲಿಗೆ ಕೈ ಹಾಕಿದೆ.

ಅವರು ನನ್ನ ಮಣಿಕಟ್ಟು ಹಿಡಿದು ತಡೆದರು.

"ಅಲ್ಲಿ ಬೇಡ" ಅಂದರು. "ಮನೇಲಿ ಕೂತು ಹದಿನೇಳು ದಿನ ಯೋಚನೆ ಮಾಡಿದ್ದೀನಿ. ಕೂಸನ್ನ ಮುಟ್ಟೋ ಮುಂಚೆ ನಾವೆಲ್ಲರೂ ಕೊನೇದಾಗಿ ಮುಟ್ಟೋದು ಇದನ್ನ. ತೊಳೀರಿ, ತೊಳೀರಿ ಅಂತ ಎಲ್ಲರನ್ನೂ ಇಲ್ಲಿಗೆ ಕಳಿಸಿದ್ದು ನಾನೇ. ಮೊದಲು ಇಲ್ಲಿಂದಲೇ ತಗೊಳ್ಳಿ."

ಅಲ್ಲಿಂದ, ಆ ತೊಟ್ಟಿಯ ನೀರು ಇಳಿದುಹೋಗುವ ಕೊಳವೆಯ ಬಾಯಿಂದ ತೆಗೆದ ಮಾದರಿ ಆರು ಕೂಸುಗಳದ್ದಕ್ಕೆ ಅಕ್ಷರಕ್ಕಕ್ಷರ ಹೊಂದಿತು. ಅದು ನಮಗೆ ತಿಳಿದದ್ದು ನಾಲ್ಕು ದಿನದ ಮೇಲೆ, ಅಷ್ಟರಲ್ಲಿ ಸಿಸ್ಟರ್ ಆ ನಲ್ಲಿಯನ್ನು ಮುಚ್ಚಿಸಿಯೂ ಆಗಿತ್ತು. ಅವತ್ತು ಆ ಕೋಣೆಯಲ್ಲಿ ಕಡ್ಡಿಯ ಮೇಲಿನ ಕಾಗದ ಹರಿಯುತ್ತಾ ನಾನು ಅವರ ಮುಖ ನೋಡಿದೆ. ತಾನು ತಪ್ಪಿತಸ್ಥಳಲ್ಲ ಅಂತ ಸಾಬೀತಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಅದನ್ನು ಆಗಲೇ ಮರೆತು, ಅವರು ಬಾಗಿಲ ಗಾಜಿನಾಚೆ ತೊಟ್ಟಿಲುಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು.